ಹತ್ತನೆತ್ತ ಪಾಸಾದ ಮಕ್ಕಳನ್ನು ಕಾಲೇಜಿನ ಹೊಸ್ತಿಲು ದಾಟಿಸೋಣ

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ನಾವೆಲ್ಲ ಇಲ್ಲಿ ಸೇರಿದ್ದೇವೆ. ಷೇರು, ಠೇವಣಿ, ಸಾಲ ವಸೂಲಿ, ಗೋದಾಮು ಇವುಗಳ ಬಗ್ಗೆ ನನಗಿಂತ ತಿಳಿದವರು ಈಗಾಗಲೇ ಮಾತಾಡ್ಯಾರ. ನನಗೆ ಕೊಟ್ಟ ವಿಷಯ ‘ಸಹಕಾರ ಮತ್ತು ಶಿಕ್ಷಣ’. ನಾನು ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ. ಪುಸ್ತಕದ ಮಾತು ನನಗ ಬರಂಗಿಲ್ಲ. ಆದ್ದರಿಂದ ನಮ್ಮ ಮಕ್ಕಳು ಹತ್ತನೆತ್ತ ಮುಗಿಸಿದ ಮೇಲೆ ಏನಾಗ್ತಾರ, ಅವರು ಕಾಲೇಜು ಮುಟ್ಟಬೇಕಾದರ ಮನೆಯವರು, ಗುರುಗಳು, ಸಂಘ ಏನು ಮಾಡಬೇಕು ಅನ್ನೋದನ್ನಷ್ಟೇ ಹೇಳ್ತೀನಿ.

ನಮ್ಮ ಮಸ್ಕಿ ಅಕ್ಷರದಿಂದಲೇ ಹೆಸರಾದ ಊರು. 1915ರಲ್ಲಿ ಇಲ್ಲಿಯ ಬೆಟ್ಟದ ಬಂಡೆಯ ಮೇಲಿನ ಶಾಸನ ಬೆಳಕಿಗೆ ಬಂದಾಗ, ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇದ್ದ ಅರಸ ಅಶೋಕನೇ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ದೇಶದ ಮಕ್ಕಳೆಲ್ಲ ಇತಿಹಾಸದ ಪುಸ್ತಕದಲ್ಲಿ ಮಸ್ಕಿಯ ಹೆಸರು ಓದ್ತಾರ. ಆದರೆ ಆ ಬಂಡೆಯ ಸುತ್ತಲಿನ ಹಳ್ಳಿಗಳ ಮಕ್ಕಳು ಓದನ್ನು ಅರ್ಧಕ್ಕೆ ಬಿಟ್ಟು ಗುಳೆ ಹೋಗೋದು ನಿಂತಿಲ್ಲ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಮೊದಲು ಬಂತು, ಯಾದಗಿರಿ ಕೊನೆಗೆ ಬಂತು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಕೊನೆಗೆ ಬಂದ ಎರಡೂ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳೇ. ನಮ್ಮ ಮಕ್ಕಳು ದಡ್ಡರೇನು? ಅಲ್ಲ. ಹತ್ತಿ ಹೊಲದಲ್ಲಿ ಕ್ರಾಸ್ ಮಾಡೋ ಹುಡುಗಿಯ ಕೈಚಳಕ ನೋಡ್ರಿ, ಲೆಕ್ಕ ಕೇಳ್ರಿ, ತಟ್ಟನೆ ಹೇಳ್ತಾಳ. ಶಾಲೆಗೆ ಹೋಗಬೇಕಾದ ದಿನ ಅವಳನ್ನು ಹೊಲಕ್ಕೆ ಕಳಿಸಿದವರು ನಾವು ದೊಡ್ಡವರು.

ಈಗ ವಿಷಯಕ್ಕೆ ಬರ್ತೀನಿ. ಪಾಸಾದ ಮಕ್ಕಳು ಕಾಲೇಜಿನ ಬಾಗಿಲಲ್ಲಿ ಯಾಕೆ ನಿಲ್ಲುತ್ತಾರೆ? ನನ್ನ ತಿಳುವಳಿಕೆಗೆ ನಾಲ್ಕು ಕಾರಣ ಕಾಣ್ತಾವ.

ಮೊದಲನೆಯದು, ಕಾಲದ ಹೊಂದಾಣಿಕೆ ಇಲ್ಲದಿರುವುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ ತಿಂಗಳಲ್ಲಿ ಬರ್ತದ. ಕಾಲೇಜಿನ ಅರ್ಜಿ, ಫೀ, ಹಾಸ್ಟೆಲ್ಲು ಎಲ್ಲ ಮೇ ಕೊನೆಗೆ ಮತ್ತು ಜೂನ್‌ನಲ್ಲಿ. ಅದೇ ಹೊತ್ತಿಗೆ ರೋಹಿಣಿ ಮಳಿ ಬೀಳ್ತದ. ಬೀಜ, ಗೊಬ್ಬರ, ಗಳೆ ಬಾಡಿಗೆ ಅಂತ ರೈತನ ಕೈಯಲ್ಲಿದ್ದ ದುಡ್ಡೆಲ್ಲ ಭೂಮಿಗೆ ಹೋಗಿರ್ತದ. ವರ್ಷದಲ್ಲಿ ಮನೆಯಲ್ಲಿ ರೊಕ್ಕ ಅತಿ ಕಡಿಮೆ ಇರುವ ತಿಂಗಳು ಯಾವುದೋ ಅದೇ ತಿಂಗಳು ಕಾಲೇಜಿನವರು ರೊಕ್ಕ ಕೇಳ್ತಾರ. ಆಗ ಗಂಡು ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನ, ಹೆಣ್ಣು ಹುಡುಗಿಗೆ ವರ ನೋಡೋದು ಸುರುವಾಗ್ತದ.

ಎರಡನೆಯದು, ಇದು ನಮ್ಮ ಸಂಘಕ್ಕೇ ಸಂಬಂಧಪಟ್ಟದ್ದು, ದಯವಿಟ್ಟು ಕೇಳ್ರಿ. ಬಹಳ ಮಂದಿ ಕಾಲೇಜಿನ ಫೀಗೆ ಬೆಳೆ ಸಾಲದ ದುಡ್ಡು ಬಳಸ್ತಾರ. ಒಂದು ಲೆಕ್ಕ ಹಾಕೋಣ. 50 ಸಾವಿರ ಬೆಳೆ ಸಾಲ ಬಂತು ಅನ್ರಿ. ಅದರಲ್ಲಿ 20 ಸಾವಿರ ಮಗನ ಕಾಲೇಜಿಗೆ ಹೋಯಿತು. ಗೊಬ್ಬರಕ್ಕೆ ದುಡ್ಡು ಸಾಲಲಿಲ್ಲ, ಅಂಗಡಿಯಲ್ಲಿ ಉದ್ರಿ ತಂದ. ಉದ್ರಿ ಕೊಟ್ಟವನಿಗೇ ಅವನು ಹೇಳಿದ ದರಕ್ಕೆ ಮಾಲು ಹಾಕಬೇಕಾಯಿತು. ಸಂಘದ ಸಾಲ ಗಡುವಿನೊಳಗೆ ಕಟ್ಟಲಿಲ್ಲ. ಶೂನ್ಯ ಬಡ್ಡಿ ಅನ್ನೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ಮೀರಿತು ಅಂದ್ರ ಬಡ್ಡಿ ಬಿತ್ತು, ಸುಸ್ತಿದಾರ ಅನ್ನಿಸಿಕೊಂಡ, ಮರುವರ್ಷ ಸಾಲವೂ ಇಲ್ಲ, ಮಗನ ಎರಡನೇ ವರ್ಷದ ಫೀಯೂ ಇಲ್ಲ. ಹೊಲವೂ ಹೋಯಿತು, ಓದೂ ಹೋಯಿತು. ಆದ್ದರಿಂದ ಮಕ್ಕಳ ಓದಿನ ಚಿಂತೆ ಸಂಘಕ್ಕೆ ಯಾಕೆ ಅಂತ ಯಾರಾದರೂ ಕೇಳಿದರೆ, ನಮ್ಮ ವಸೂಲಿ ಪಟ್ಟಿಯೊಳಗೇ ಅದಕ್ಕೆ ಉತ್ತರ ಅದ ಅಂತ ಹೇಳ್ತೀನಿ.

ಮೂರನೆಯದು, ಕಾಗದಪತ್ರ. ಸರ್ಕಾರ ನಮ್ಮ ಮಕ್ಕಳಿಗೆ ಕೊಟ್ಟ ಸೌಲತ್ತು ಕಡಿಮೆ ಇಲ್ಲ. ಸಂವಿಧಾನದ 371(ಜೆ) ಕಲಂ 2013ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ನಮ್ಮ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ. ಸಿಇಟಿಯಲ್ಲಿ ಒಂದರಿಂದ ಹತ್ತನೆತ್ತದವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು ಅದ. ನಮ್ಮ ಊರಿನ ಶಾಲೆಯ ಮಕ್ಕಳು ಈ ಮೂರಕ್ಕೂ ಹಕ್ಕುದಾರರು. ಆದರೆ ಹಕ್ಕು ಇದ್ದರೆ ಸಾಲದು, ಕೈಯಲ್ಲಿ ಕಾಗದ ಇರಬೇಕು.

371(ಜೆ) ಪ್ರಮಾಣಪತ್ರ ಲಿಂಗಸೂಗೂರಿನ ಸಹಾಯಕ ಆಯುಕ್ತರ ಕಚೇರಿಯಿಂದ ಆಗಬೇಕು. ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಿಂದ. ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ ಪತ್ರಗಳನ್ನು ಮುಖ್ಯ ಗುರುಗಳು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಹಾಕಿಸಬೇಕು. ಮಗುವಿನ ಹೆಸರು ಶಾಲಾ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗಂಗಿಲ್ಲ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬಂದು ಮುಟ್ಟಂಗಿಲ್ಲ. ಇವನ್ನೆಲ್ಲ ಜೂನ್ ತಿಂಗಳ ಒಂದು ವಾರದಲ್ಲಿ ಮಾಡ್ತೀನಿ ಅಂದ್ರ ಆಗದ ಮಾತು. ಮಳಿ ಬಂದ ಮೇಲೆ ಕೂರಿಗೆ ಮಾಡಿಸಾಕ ಬಡಿಗ್ಯಾರ ಮನಿಗೆ ಹೋದಂಗ ಅದು.

ನಾಲ್ಕನೆಯದು, ಭಾಷೆ. ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗ ಪಿಯುಸಿ ವಿಜ್ಞಾನಕ್ಕೆ ಹೋಗ್ತಾನ. ದ್ಯುತಿಸಂಶ್ಲೇಷಣೆ ಅಂದ್ರ ಅವನಿಗೆ ಗೊತ್ತು. ಫೋಟೋಸಿಂಥೆಸಿಸ್ ಅಂದ್ರ ಗಾಬರಿ. ವಿಷಯ ಅದೇ, ಹೆಸರು ಬೇರೆ. ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು, ದಸರಾಕ್ಕೆ ಊರಿಗೆ ಬಂದವನು ಮತ್ತೆ ಹೋಗಂಗಿಲ್ಲ. ‘ಯಾಕೋ ತಮ್ಮಾ?’ ಅಂದ್ರ ‘ತಲಿಗೆ ಹತ್ತವಲ್ದು ಕಾಕಾ’ ಅಂತಾನ. ತಲಿಗೆ ಹತ್ತದ್ದು ವಿಜ್ಞಾನ ಅಲ್ಲ, ಅದರ ಇಂಗ್ಲಿಷ್ ಹೆಸರು.

ಇನ್ನು ಯಾರು ಏನು ಮಾಡಬೇಕು?

ತಂದೆ-ತಾಯಂದಿರಿಗೆ ಮೊದಲು ಹೇಳ್ತೀನಿ. ಮಗು ಎಂಟನೆತ್ತಕ್ಕೆ ಬಂದಾಗಲೇ ಮನಿಯೊಳಗ ಒಂದು ಕಡತ ಮಾಡ್ರಿ. ಆಧಾರ್, ರೇಷನ್ ಕಾರ್ಡ್, ಜಾತಿ-ಆದಾಯ ಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಎಲ್ಲ ಅದರೊಳಗಿರಲಿ. ಹೆಸರು, ಹುಟ್ಟಿದ ತಾರೀಖು ಎಲ್ಲ ಕಡೆ ಒಂದೇ ಇದೆಯೋ ನೋಡ್ರಿ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಅದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12 ಸಾವಿರ ರೂಪಾಯಿ ಬರ್ತದ. ನಾಲ್ಕು ವರ್ಷಕ್ಕೆ 48 ಸಾವಿರ. ಒಂದು ಎಕರೆ ಒಣಬೇಸಾಯದಲ್ಲಿ ಖರ್ಚು ಕಳೆದು ನಮಗೆಷ್ಟು ಉಳಿದೀತು, ನೀವೇ ಹೇಳ್ರಿ.

2021ರಲ್ಲಿ ರಾಜ್ಯ ಸರ್ಕಾರ ರೈತರ ಮಕ್ಕಳಿಗಾಗಿ ‘ರೈತ ವಿದ್ಯಾನಿಧಿ’ ಆರಂಭಿಸಿತು, 2022ರಲ್ಲಿ ಅದನ್ನು ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿತು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದಾಗ ಊಟ-ವಸತಿಗೆಂದು ‘ವಿದ್ಯಾಸಿರಿ’ ಅದ. ಪರಿಶಿಷ್ಟರಿಗೆ, ಅಲ್ಪಸಂಖ್ಯಾತರಿಗೆ ಬೇರೆ ಬೇರೆ ವಿದ್ಯಾರ್ಥಿವೇತನಗಳಿವೆ. ನಿಯಮ, ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗ್ತಾವ. ಆದ್ದರಿಂದ ಚಹಾದಂಗಡಿಯ ಮಾತು ನಂಬದೆ ಇಲಾಖೆಯ ಕಚೇರಿಯಲ್ಲೇ ವಿಚಾರಿಸ್ರಿ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಮೊದಲು ಬಸ್ಸಿನ ಖರ್ಚು ಅಂತಿದ್ದಿರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟು ಇಲ್ಲ. ಉಳಿದದ್ದು ಬಸ್ಸಿನ ಸಮಯ. ಕಾಲೇಜಿನ ಹೊತ್ತಿಗೆ ಬಸ್ಸು ಬಿಡಿಸ್ರಿ ಅಂತ ಡಿಪೋಕ್ಕೆ ಒಬ್ಬರು ಹೋಗಿ ಕೇಳಿದರೆ ಅರ್ಜಿ, ಸಂಘದ ಠರಾವು ಹಿಡಿದು ನೂರು ಜನ ಹೋದರೆ ಬಲ. ಹದಿನೆಂಟು ತುಂಬುವುದರೊಳಗೆ ಮದುವೆ ಮಾಡೋದು ಕಾಯ್ದೆಗೆ ವಿರುದ್ಧ ಅನ್ನೋದು ನಿಮಗೆ ಗೊತ್ತು. ಓದಿದ ಮಗಳು ಎರಡು ಮನಿಗೆ ದೀಪ.

ಮಕ್ಕಳೇ, ನಿಮಗೆ. ಗೆಳೆಯ ಹೋದ ಅಂತ ಅವನ ಹಿಂದೆ ಹೋಗಬ್ಯಾಡ್ರಿ. ವಿಜ್ಞಾನ ಒಂದೇ ಓದಲ್ಲ. ಕೈಕೆಲಸದಲ್ಲಿ ಮನಸ್ಸಿದ್ದವರಿಗೆ ಐಟಿಐ ಅದ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಹೋಗುವ ದಾರಿಯೂ ಅದ. ಪಿಯುಸಿ ವಿಜ್ಞಾನ ಓದುವವರು ನೆನಪಿಡಿ: ಇಂಜಿನಿಯರಿಂಗಿನ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಂಗಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬ್ಯಾಡ್ರಿ. ನೀಟ್‌ನಲ್ಲಿ ಹಾಗಲ್ಲ, ಅಲ್ಲಿ ತಪ್ಪಿಗೆ ಅಂಕ ಹೋಗ್ತದ.

ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಅದಕ್ಕೆ ಕೃಷಿಯ ಪ್ರಾಯೋಗಿಕ ಪರೀಕ್ಷೆ ಇರ್ತದ. ಬೀಜ, ಕಳೆ, ಸಲಕರಣೆ ಗುರುತಿಸೋ ಪರೀಕ್ಷೆಗೆ ನಮ್ಮ ಮಕ್ಕಳಿಗಿಂತ ಯಾರು ಬೇಕ್ರಿ? ಪಟ್ಟಣದ ಹುಡುಗ ಪುಸ್ತಕದಲ್ಲಿ ನೋಡಿದ್ದನ್ನು ನೀವು ಕೈಯಲ್ಲಿ ಹಿಡಿದಿದ್ದೀರಿ. ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ನಮ್ಮ ರಾಯಚೂರಿಗೇ ಬಂತು. 2007ರಲ್ಲಿ ರಿಮ್ಸ್ ವೈದ್ಯಕೀಯ ಕಾಲೇಜು, 2019ರಲ್ಲಿ ಐಐಐಟಿ ಬಂದವು. ಬಾಗಿಲು ನಮ್ಮ ಜಿಲ್ಲೆಯಲ್ಲೇ ತೆರೆದಾವ. ಒಳಗೆ ಹೋಗುವವರಲ್ಲಿ ನಮ್ಮ ಊರಿನವರು ಇರಬೇಕು.

ಗುರುಗಳಲ್ಲಿ ಎರಡು ವಿನಂತಿ. ಪರೀಕ್ಷೆ ಮುಗಿದು ಫಲಿತಾಂಶ ಬರುವತನಕ ಮಕ್ಕಳು ಖಾಲಿ ಇರ್ತಾರ. ಆ ದಿನಗಳಲ್ಲಿ ದಿನಕ್ಕೆ ಇಪ್ಪತ್ತು ಶಬ್ದದಂತೆ ವಿಜ್ಞಾನ, ಗಣಿತ, ವಾಣಿಜ್ಯದ ಶಬ್ದಗಳನ್ನು ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಎದುರುಬದುರು ಬರೆಸಿದರೆ ಒಂದು ತಿಂಗಳಿಗೆ ಆರುನೂರು ಶಬ್ದ ಆಗ್ತಾವ. ಮಗು ಮೊದಲ ಪಾಠದಲ್ಲಿ ಹೆದರಂಗಿಲ್ಲ. ಎರಡನೆಯದು, ಒಂಬತ್ತನೆತ್ತದಲ್ಲೇ ಪ್ರತಿ ಮಗುವಿನ ಹೆಸರು, ತಾರೀಖು ಪರಿಶೀಲಿಸಿ ಪಾಲಕರಿಗೆ ಒಂದು ಚೀಟಿ ಕಳಿಸ್ರಿ. ಕೆಲಸ ಹೆಚ್ಚಾಗ್ತದ, ಒಪ್ತೀನಿ. ಓದಿದ ನಮ್ಮ ಊರಿನ ಹುಡುಗರು ನಿಮ್ಮ ಕೈಗೂಡ್ತಾರ.

ಕೊನೆಗೆ ನಮ್ಮ ಸಂಘ. ನಾವು ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಮಾಡ್ತೀವಿ. ನೂರಕ್ಕೆ ತೊಂಬತ್ತು ತಗೊಂಡವರಿಗೆ ಶಾಲು, ಹಾರ, ಫಲಕ. ಒಳ್ಳೆಯದೇ, ಇರಲಿ. ಆದರೆ ನೂರಕ್ಕೆ ಐವತ್ತು ತಗೊಂಡು, ಫೀಗೆ ದುಡ್ಡಿಲ್ಲದೆ ಮನಿಯಲ್ಲಿ ಕೂತ ಮಗುವನ್ನು ವೇದಿಕೆಗೆ ಯಾರೂ ಕರೆಯಂಗಿಲ್ಲ. ಸಂಘದ ಆಸರೆ ಹೆಚ್ಚು ಬೇಕಾದದ್ದು ಆ ಮಗುವಿಗೆ. ಆದ್ದರಿಂದ ಮಹಾಸಭೆಯ ಮುಂದೆ ಮೂರು ಸಲಹೆ ಇಡ್ತೀನಿ.

ಒಂದು, ಪ್ರತಿ ವರ್ಷ ಬೇಸಿಗೆಯಲ್ಲಿ, ಬಿತ್ತನೆಗೆ ಮುಂಚೆ, ಸಂಘದ ಕಟ್ಟಡದಲ್ಲಿ ಎರಡು ದಿನ ‘ದಾಖಲೆ ದಿನ’ ಮಾಡೋಣ. ಕಂಪ್ಯೂಟರು ನಮ್ಮಲ್ಲಿದೆ, ಓದಿದ ಹುಡುಗರಿದ್ದಾರೆ. ಅರ್ಜಿ ತುಂಬಿ ಕೊಡೋಣ.

ಎರಡು, ಒಂದು ವಿದ್ಯಾ ಕೈಗಡ ನಿಧಿ. ನಿವ್ವಳ ಲಾಭದಲ್ಲಿ ನೂರಕ್ಕೆ 25 ಕಾಯ್ದಿಟ್ಟ ನಿಧಿಗೆ ಹೋಗಬೇಕು, ನೂರಕ್ಕೆ 2 ಸಹಕಾರ ಶಿಕ್ಷಣ ನಿಧಿಗೆ. ಈ ಎರಡನೆಯದು ಸಹಕಾರ ತರಬೇತಿಗಾಗಿ ಇರುವಂಥಾದ್ದು, ಮಕ್ಕಳ ಫೀಗೆ ಅಲ್ಲ. ಠೇವಣಿದಾರರ ಹಣ ಮುಟ್ಟೋದೂ ಬ್ಯಾಡ. ಸದಸ್ಯರು ಸ್ವಂತ ಇಚ್ಛೆಯಿಂದ ವರ್ಷಕ್ಕೆ ನೂರು ರೂಪಾಯಿ ಕೊಡಲಿ. ಮುನ್ನೂರು ಜನ ಕೊಟ್ಟರೆ 30 ಸಾವಿರ. ಒಂದು ಮಗುವಿಗೆ 5 ಸಾವಿರದಂತೆ ಆರು ಮಕ್ಕಳು ಆ ವರ್ಷ ಕಾಲೇಜು ಸೇರ್ತಾರ. ವಿದ್ಯಾರ್ಥಿವೇತನ ಬಂದಾಗ ಅಥವಾ ಸುಗ್ಗಿಯಾದ ಮೇಲೆ ಪಾಲಕರು ಅದನ್ನು ಬಡ್ಡಿ ಇಲ್ಲದೆ ಮರಳಿಸಲಿ. ಅದೇ ದುಡ್ಡು ಮರುವರ್ಷ ಇನ್ನಾರು ಮಕ್ಕಳಿಗೆ. ಲೆಕ್ಕ ಬೇರೆ ಪುಸ್ತಕದಲ್ಲಿರಲಿ, ಮಹಾಸಭೆಯಲ್ಲಿ ಓದಿ ಹೇಳಲಿ. ಹೀಗೆ ಮಾಡಿದರೆ ಬೆಳೆ ಸಾಲ ಹೊಲದಲ್ಲೇ ಉಳೀತದ.

ಮೂರು, ಕಾಲೇಜು ಸೇರಿದ ಮಗುವಿನ ಮನಿಗೆ ದಸರಾ, ದೀಪಾವಳಿ ರಜೆಯಲ್ಲಿ ಒಬ್ಬ ನಿರ್ದೇಶಕರು ಹೋಗಿ ‘ಹೆಂಗೈತಿ ಓದು?’ ಅಂತ ಕೇಳಬೇಕು. ಬೀಜ ಬಿತ್ತಿ ಹೊಲದ ಕಡೆ ಹೋಗದ ರೈತನನ್ನು ನಾವು ರೈತ ಅನ್ನಂಗಿಲ್ಲ.

ಹಿರಿಯರೊಬ್ಬರು ಅಂತಿದ್ದರು: ‘ಓದಿದವರೆಲ್ಲ ಊರು ಬಿಟ್ಟು ಹೋಗ್ತಾರ, ಓದಿಸಿ ಏನು ಮಾಡೋದು?’ ಅಂತ. ಅವರ ಮಾತಿನಲ್ಲಿ ನೋವಿದೆ, ತಳ್ಳಿಹಾಕಂಗಿಲ್ಲ. ಆದರೆ ಓದದವರೂ ಹೋಗ್ಯಾರಲ್ರಿ! ಗುಳೆ ಹೋದವನು ತಗಡಿನ ಗುಡಿಸಲಲ್ಲಿ ಮಲಗಿ, ಹೆಂಡತಿ ಮಕ್ಕಳನ್ನೂ ಕರಕೊಂಡು ಹೋಗ್ತಾನ, ಆ ಮಕ್ಕಳ ಶಾಲೆಯೂ ಹೋಗ್ತದ. ಓದಿದವನು ಹೋದರೂ ತಮ್ಮನನ್ನು, ತಂಗಿಯನ್ನು ಓದಿಸ್ತಾನ. ಓದಿದವರಿಗೆಲ್ಲ ನೌಕರಿ ಸಿಗ್ತದ ಅಂತ ನಾನು ಹೇಳಂಗಿಲ್ಲ. ಪಹಣಿ ತಾನೇ ಓದಿಕೊಳ್ಳುವ, ಸಾಲದ ಕಾಗದಕ್ಕೆ ತಿಳಿದು ಸಹಿ ಮಾಡುವ, ದಲಾಲಿಯ ತಕ್ಕಡಿ ಮುಂದೆ ನಿಂತು ಲೆಕ್ಕ ಕೇಳುವ ರೈತ ನಮ್ಮ ಊರಿಗೆ ಬೇಕು. ನಾಳೆ ಈ ಸಂಘ ನಡೆಸುವವರೂ ಅವರೇ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮಾದರಿಯಾಗಿ ಸಹಕಾರ ಸಂಘ ಕಟ್ಟಿದರು. ಅದೂ ಒಂದು ಹಳ್ಳಿಯೇ. ‘ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರು’ ಅನ್ನೋ ಮಾತು ನಮ್ಮ ಗೋಡೆಯ ಮೇಲೆ ಬರೆದದ್ದೈತಿ. ಅದು ಗೊಬ್ಬರಕ್ಕೂ ಬೀಜಕ್ಕೂ ಸರಿ, ಮಕ್ಕಳ ಓದಿಗೂ ಸರಿ. ಮುಂದಿನ ಮಹಾಸಭೆಯಲ್ಲಿ ಈ ಮೂರು ಸಲಹೆಗಳನ್ನು ಚರ್ಚೆಗೆ ತಗೊಳ್ಳಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಂಡು, ನಿಧಿಗೆ ನನ್ನ ಪಾಲಿನ ನೂರು ರೂಪಾಯಿಯನ್ನು ಕಾರ್ಯದರ್ಶಿಗಳ ಕೈಗೆ ಇಂದೇ ಕೊಟ್ಟು, ನನ್ನ ಎರಡು ಮಾತು ಮುಗಿಸ್ತೀನಿ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.