ಕನ್ನಡದ ಗರಡಿಯಲ್ಲಿ ಪಳಗಿದ ಇಳಯರಾಜ



1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಸೈನ್ಯದ ಹಿಂದೆಯೇ ಮದರಾಸು ಪ್ರಾಂತ್ಯದಿಂದ ಸಿಪಾಯಿಗಳು, ವ್ಯಾಪಾರಿಗಳು, ಕೆಲಸಗಾರರು ಬಂದು ಹಲಸೂರು, ಶಿವಾಜಿನಗರದ ಸುತ್ತ ನೆಲೆಸಿದರು. ಹೀಗಾಗಿ ಈ ಭಾಗದ ಬೀದಿಗಳಿಗೆ ತಮಿಳು ಮಾತೂ ತಮಿಳು ಚಿತ್ರಗೀತೆಯೂ ಹೊಸತಲ್ಲ. 1976ರಲ್ಲಿ ‘ಅನ್ನಕ್ಕಿಳಿ’ ಚಿತ್ರದಿಂದ ಮನೆಮಾತಾದ ಇಳಯರಾಜ ಅವರ ಹಾಡುಗಳು ಇಲ್ಲಿ ಇಂದಿಗೂ ಕೇಳಿಬರುತ್ತವೆ. ಆದರೆ ಆ ಸಂಗೀತಗಾರನನ್ನು ರೂಪಿಸುವುದರಲ್ಲಿ ಕನ್ನಡಕ್ಕೂ ಪಾಲಿದೆ ಎಂಬುದು ಎಷ್ಟೋ ಮಂದಿಗೆ ತಿಳಿಯದು.

ಇಳಯರಾಜ ಹುಟ್ಟಿದ್ದು 1943ರಲ್ಲಿ, ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯಲ್ಲಿ. ಅಣ್ಣನ ತಂಡದೊಡನೆ ಊರೂರು ಸುತ್ತಿ ಹಾಡಿದರು. ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತರು. ಆ ಮೇಲೆ ಸೇರಿದ್ದು ಜಿ.ಕೆ. ವೆಂಕಟೇಶ್ ಅವರ ಬಳಿಗೆ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ನೀಡಿದವರು ಇವರೇ. ಆಗ ಕನ್ನಡ ಚಿತ್ರಗಳ ಧ್ವನಿಮುದ್ರಣ ಬಹುಮಟ್ಟಿಗೆ ಮದರಾಸಿನಲ್ಲೇ ನಡೆಯುತ್ತಿತ್ತು. ವೆಂಕಟೇಶ್ ಅವರ ಸಹಾಯಕರಾಗಿ ಇಳಯರಾಜ ದುಡಿದ ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವು. ವಾದ್ಯಗಾರರ ಬಿಡುವಿನ ವೇಳೆಯಲ್ಲಿ ಅವರನ್ನು ಒಪ್ಪಿಸಿ, ತಾವು ಬರೆದ ಸ್ವರಲಿಪಿಯನ್ನು ನುಡಿಸಿ ಕೇಳುತ್ತಿದ್ದರಂತೆ. ಮೊದಲ ಚಿತ್ರಕ್ಕೆ ಮುನ್ನ ನಡೆದ ಸಾಧನೆ ಇದು.

ಈ ಸಾಧನೆಯಿಂದ ಬಂದ ಹೊಸತನವೇನು? ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ರಾಗದ ಒಂದೇ ಎಳೆ ಮುಂದೆ ಸಾಗುತ್ತದೆ. ಪಕ್ಕವಾದ್ಯ ಅದನ್ನು ಅನುಸರಿಸುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಎರಡು ಮೂರು ಸ್ವರಧಾರೆಗಳು ಏಕಕಾಲಕ್ಕೆ ಹೊಂದಿಕೊಂಡು ಹರಿಯಬಲ್ಲವು. ಇಳಯರಾಜ ಇವೆರಡನ್ನೂ ಹಳ್ಳಿಯ ಧಾಟಿಯೊಡನೆ ಬೆಸೆದರು. ಶಂಕರ್‌ನಾಗ್ ಅವರ ‘ಗೀತಾ’ (1981) ಚಿತ್ರದ ಒಂದು ಹಾಡನ್ನು ಎರಡು ಸಲ ಕೇಳಿ. ಮೊದಲ ಸಲ ಗಾಯಕರನ್ನು ಕೇಳಿ. ಎರಡನೆಯ ಸಲ ಗಾಯನವನ್ನು ಬಿಟ್ಟು ಬೇಸ್ ಗಿಟಾರನ್ನೇ ಹಿಂಬಾಲಿಸಿ. ಹಾಡಿನೊಳಗೆ ಇನ್ನೊಂದು ಹಾಡು ಸಿಗುತ್ತದೆ!

ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಕನ್ನಡದ್ದು. ಅದರ ಸಂಗೀತವೂ ಇಳಯರಾಜರದೇ. ಅದರ ವಾದ್ಯರಾಗ ಮುಂದೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ದೇಶಕ್ಕೆಲ್ಲ ಕೇಳಿಸಿತು. ಸಾವಿರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ನೀಡಿದ ಅವರಿಗೆ 2018ರಲ್ಲಿ ಪದ್ಮವಿಭೂಷಣ ಸಂದಿತು. 2025ರ ಮಾರ್ಚ್ 8ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಲಂಡನ್ನಿನ ವೇದಿಕೆಯಲ್ಲಿ ತಮ್ಮ ಸಿಂಫನಿಯನ್ನು ಪ್ರಸ್ತುತಪಡಿಸಿದರು.

1991ರ ಕಾವೇರಿ ಗಲಭೆಯಲ್ಲಿ ಇದೇ ನಗರದಲ್ಲಿ ಭಾಷೆಯ ಹೆಸರಿನಲ್ಲಿ ನೆರೆಹೊರೆ ಒಡೆದದ್ದುಂಟು. 2009ರಲ್ಲಿ ಹಲಸೂರು ಕೆರೆಯ ಬಳಿ ತಿರುವಳ್ಳುವರ್, ಚೆನ್ನೈಯಲ್ಲಿ ಸರ್ವಜ್ಞ, ಹೀಗೆ ಎರಡೂ ಕಡೆ ಪ್ರತಿಮೆಗಳು ಅನಾವರಣಗೊಂಡವು. ಅದಕ್ಕೂ ಎಷ್ಟೋ ಮೊದಲೇ ಆ ಕೊಡುಕೊಳ್ಳುವಿಕೆ ಧ್ವನಿಮುದ್ರಣ ಕೊಠಡಿಯಲ್ಲಿ ಸದ್ದಿಲ್ಲದೆ ನಡೆದಿತ್ತು. ವೆಂಕಟೇಶ್ 1993ರಲ್ಲಿ ತೀರಿಕೊಂಡರು. ಅವರ ಬಳಿ ಪಳಗಿದ ಕೈ ಎರಡೂ ನುಡಿಗಳಿಗೆ ಹಾಡು ಕೊಟ್ಟಿತು. ‘ಈತ ಯಾರವನು?’ ಎಂದು ಕೇಳುವ ಮೊದಲು ‘ಈತ ಯಾರಿಂದ ಕಲಿತ?’ ಎಂದು ಕೇಳೋಣ. ಆಗ ಬೇಲಿಗಿಂತ ಬೇರು ಎದ್ದು ಕಾಣುತ್ತದೆ.