ಜಲಜನಕದ ಕಾರು ತೈಲದ ಕಾರಿಗೆ ಬದಲಿಯಾದೀತೆ?

(ಪರಿಸರ ಚಿಂತನ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2003ರ ಜನವರಿಯಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಅವರು ತಮ್ಮ ದೇಶದ ಸಂಸತ್ತಿನ ಮುಂದೆ ಒಂದು ಭರವಸೆಯನ್ನು ಇಟ್ಟರು. ಅಂದು ಹುಟ್ಟಿದ ಮಗು ಬೆಳೆದು ಓಡಿಸುವ ಮೊದಲ ಕಾರು ಜಲಜನಕದಿಂದ ನಡೆಯುವ, ಮಾಲಿನ್ಯವಿಲ್ಲದ ಕಾರಾಗಬಹುದು ಎಂಬುದೇ ಆ ಭರವಸೆ. ಅದರ ಸಂಶೋಧನೆಗಾಗಿ 120 ಕೋಟಿ ಡಾಲರ್ ಹಣವನ್ನೂ ಕೇಳಿದರು. ಆ ಮಗುವಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅದು ಓಡಿಸುತ್ತಿರುವುದು ಬಹುಮಟ್ಟಿಗೆ ಪೆಟ್ರೋಲಿನ ಕಾರನ್ನೇ.

ಭಾರತವೂ ಇಂಥದೇ ಕನಸು ಕಂಡಿತ್ತು. 2006ರ ರಾಷ್ಟ್ರೀಯ ಜಲಜನಕ ಶಕ್ತಿ ಮಾರ್ಗಸೂಚಿಯು 2020ರ ವೇಳೆಗೆ ದೇಶದ ರಸ್ತೆಗಳಲ್ಲಿ ಹತ್ತು ಲಕ್ಷ ಜಲಜನಕ ವಾಹನಗಳು ಓಡಾಡಬೇಕೆಂಬ ಗುರಿಯನ್ನು ಹಾಕಿಕೊಂಡಿತ್ತು. 2020 ಬಂದುಹೋಯಿತು, ವಾಹನಗಳು ಬರಲಿಲ್ಲ. 2022ರ ಮಾರ್ಚಿನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಟೊಯೋಟಾ ಕಂಪನಿಯ 'ಮಿರಾಯ್' ಎಂಬ ಜಲಜನಕದ ಕಾರಿನಲ್ಲಿ ಸಂಸತ್ ಭವನಕ್ಕೆ ಬಂದಿಳಿದಾಗ ಕನಸಿಗೆ ಮತ್ತೆ ಜೀವ ಬಂದಿತು. ಜಪಾನೀ ಭಾಷೆಯಲ್ಲಿ 'ಮಿರಾಯ್' ಎಂದರೆ ಭವಿಷ್ಯ. ಆ ಭವಿಷ್ಯವು ಪದೇ ಪದೇ ಮುಂದೆ ಹೋಗುತ್ತಿರುವುದೇಕೆ ಎಂಬುದು ಇಂದಿನ ವಿಚಾರ.

ಇಂಧನ ಕೋಶವೆಂಬುದು ಹೊಸ ಶೋಧವೇನಲ್ಲ. 1839ರಷ್ಟು ಹಿಂದೆಯೇ ವಿಲಿಯಂ ಗ್ರೋವ್ ಎಂಬ ವಿಜ್ಞಾನಿ ಜಲಜನಕ ಮತ್ತು ಆಮ್ಲಜನಕಗಳನ್ನು ಕೂಡಿಸಿ ವಿದ್ಯುತ್ತನ್ನು ಪಡೆದು ತೋರಿಸಿದ್ದ. ಚಂದ್ರನತ್ತ ಹೋದ ಅಪೋಲೊ ನೌಕೆಗಳಿಗೆ ವಿದ್ಯುತ್ ಒದಗಿಸಿದ್ದೂ ಇಂಧನ ಕೋಶಗಳೇ. ಇಂಥ ಕೋಶವಿರುವ ಕಾರು ಹೊಗೆಯುಗುಳುವುದಿಲ್ಲ. ಅದರ ಕೊಳವೆಯಿಂದ ಹೊರಬರುವುದು ನೀರು ಮಾತ್ರ. ಇದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಆ ಜಲಜನಕ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿ ಇನ್ನರ್ಧ ಅಡಗಿದೆ.

ಕಲ್ಲಿದ್ದಲಿಗೆ ಗಣಿಯಿದೆ, ತೈಲಕ್ಕೆ ಬಾವಿಯಿದೆ. ಜಲಜನಕವಾದರೋ ಬಹುಪಾಲು ನೀರಿನಲ್ಲಿ ಆಮ್ಲಜನಕದೊಡನೆ, ನೈಸರ್ಗಿಕ ಅನಿಲದಲ್ಲಿ ಇಂಗಾಲದೊಡನೆ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಅದನ್ನು ಬಿಡಿಸಲು ಶಕ್ತಿಯನ್ನು ವ್ಯಯಿಸಲೇಬೇಕು. ಆದ್ದರಿಂದ ಜಲಜನಕವನ್ನು ಶಕ್ತಿಯ ಮೂಲವೆನ್ನುವುದಕ್ಕಿಂತ ಶಕ್ತಿಯ ವಾಹಕವೆನ್ನುವುದೇ ಸರಿ. ಇಂದು ಜಗತ್ತಿನಲ್ಲಿ ತಯಾರಾಗುತ್ತಿರುವ ಜಲಜನಕದ ಅತಿ ದೊಡ್ಡ ಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಅನಿಲದಿಂದ ಒಂದು ಕಿಲೊ ಜಲಜನಕವನ್ನು ತೆಗೆದಾಗ ಒಂಬತ್ತರಿಂದ ಹತ್ತು ಕಿಲೊ ಇಂಗಾಲಾಮ್ಲ ವಾಯುಮಂಡಲವನ್ನು ಸೇರುತ್ತದೆ. ಕಾರಿನ ಕೊಳವೆ ಶುದ್ಧವಾಯಿತು. ಕಾರ್ಖಾನೆಯ ಕೊಳವೆ ಹಾಗೆಯೇ ಉಳಿಯಿತು.

ನೀರನ್ನು ವಿದ್ಯುತ್ತಿನಿಂದ ವಿಭಜಿಸಿದರೆ ಈ ದೋಷ ತಪ್ಪುವುದಿಲ್ಲವೆ? ವಿದ್ಯುತ್ತು ಸೂರ್ಯನಿಂದಲೋ ಗಾಳಿಯಿಂದಲೋ ಬಂದಿದ್ದರೆ ತಪ್ಪುತ್ತದೆ. ಆದರೆ ಇಲ್ಲಿ ಮನೆಯ ಮೀಟರಿನ ಯೂನಿಟ್ಟಿನಲ್ಲೇ ಒಂದು ಸರಳ ಲೆಕ್ಕ ಹಾಕಿ ನೋಡಬೇಕು. ಒಂದು ಕಿಲೊ ಜಲಜನಕವನ್ನು ನೀರಿನಿಂದ ಬಿಡಿಸಿ, ಕಾರಿನ ಟ್ಯಾಂಕಿಗೆ ಒತ್ತಿ ತುಂಬಲು ಸುಮಾರು 55 ಯೂನಿಟ್ ವಿದ್ಯುತ್ ಬೇಕು. ಅದರಿಂದ ಕಾರು ಸುಮಾರು 100 ಕಿಲೊಮೀಟರ್ ಓಡುತ್ತದೆ. ಅದೇ 55 ಯೂನಿಟ್ಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಬ್ಯಾಟರಿಯ ಕಾರು ಸುಮಾರು 300 ಕಿಲೊಮೀಟರ್ ಓಡುತ್ತದೆ. ನೀರನ್ನು ಒಡೆಯುವಾಗ ಒಂದು ಪಾಲು, ಒತ್ತಿ ತುಂಬುವಾಗ ಇನ್ನೊಂದು ಪಾಲು, ಕೋಶದಲ್ಲಿ ಮತ್ತೆ ವಿದ್ಯುತ್ತಾಗಿಸುವಾಗ ಮಗದೊಂದು ಪಾಲು ಹೀಗೆ ಸೋರಿಹೋಗುತ್ತದೆ. ತೂತಿರುವ ಕೊಡದಲ್ಲಿ ನೀರು ಹೊತ್ತಂತೆ.

ಈ ವಿದ್ಯುತ್ತು ಇಂದಿನ ಭಾರತದ ಸಾಮಾನ್ಯ ಜಾಲದಿಂದ ಬಂದರೆ ಪರಿಸ್ಥಿತಿ ಇನ್ನೂ ವಿಪರೀತ. ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ ಪ್ರತಿ ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆ. 55 ಯೂನಿಟ್ಟಿಗೆ ಅದು 38 ಕಿಲೊ ದಾಟುತ್ತದೆ. ಅಷ್ಟೇ ದೂರಕ್ಕೆ ಆರು ಲೀಟರ್ ಪೆಟ್ರೋಲು ಸುಡುವ ಕಾರು ಉಗುಳುವುದು ಸುಮಾರು 14 ಕಿಲೊ. ಇಂಥ ಜಲಜನಕದ ಕಾರಿಗಿಂತ ಪೆಟ್ರೋಲಿನ ಕಾರೇ ಮೇಲೆನ್ನಬೇಕಾದ ಪ್ರಸಂಗ ಬರುತ್ತದೆ.

ಇನ್ನು ಸಾಗಣೆಯ ಮಾತು. ಜಲಜನಕವು ಅತ್ಯಂತ ಹಗುರವಾದ ಅನಿಲ. ಸಾಮಾನ್ಯ ಒತ್ತಡದಲ್ಲಿ ಅದರ ಒಂದು ಕಿಲೊಗೆ 11,000 ಲೀಟರಿಗೂ ಹೆಚ್ಚು ಜಾಗ ಬೇಕು. ಆದ್ದರಿಂದಲೇ ಕಾರಿನ ಟ್ಯಾಂಕಿನಲ್ಲಿ ಅದನ್ನು ವಾಯುಮಂಡಲದ 700 ಪಟ್ಟು ಒತ್ತಡದಲ್ಲಿ ಇಡುತ್ತಾರೆ. ದ್ರವವಾಗಿಸಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಕೆಳಕ್ಕೆ ತಂಪುಗೊಳಿಸಬೇಕು. ಉಕ್ಕಿನ ಕೊಳವೆಗಳ ಭಾರೀ ಲಾರಿಯೊಂದು ಹೊತ್ತೊಯ್ಯುವುದು ಮುನ್ನೂರು-ನಾನೂರು ಕಿಲೊ ಜಲಜನಕವನ್ನು ಮಾತ್ರ. ಅದರಲ್ಲಿರುವ ಶಕ್ತಿ ಸುಮಾರು 1,300 ಲೀಟರ್ ಪೆಟ್ರೋಲಿಗೆ ಸಮ. ಪೆಟ್ರೋಲಿನ ಟ್ಯಾಂಕರ್ ಅದರ ಹತ್ತಾರು ಪಟ್ಟು ಶಕ್ತಿಯನ್ನು ಒಂದೇ ಸಲ ತಂದಿಳಿಸುತ್ತದೆ. ಘಟ್ಟದ ತಿರುವುಗಳಲ್ಲಿ ಟ್ಯಾಂಕರುಗಳ ಸಾಲನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಹಣವಿರುವ ನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಜಲಜನಕದ ಕಾರುಗಳಿಗೆ ಹೆಚ್ಚು ಪ್ರೋತ್ಸಾಹ ನೀಡಿದ ಕ್ಯಾಲಿಫೋರ್ನಿಯಾದಲ್ಲಿ 2023ರ ಹೊತ್ತಿಗೆ ಕೆಲವು ಬಂಕುಗಳಲ್ಲಿ ಜಲಜನಕದ ಬೆಲೆ ಕಿಲೊಗೆ 36 ಡಾಲರಿಗೆ ಏರಿತು. 2024ರಲ್ಲಿ ಶೆಲ್ ಕಂಪನಿಯು ಅಲ್ಲಿನ ಕಾರುಗಳಿಗಾಗಿ ತೆರೆದಿದ್ದ ತನ್ನ ಜಲಜನಕದ ಬಂಕುಗಳನ್ನು ಮುಚ್ಚಿತು. ಕಾರು ಕೊಂಡವರು ಇಂಧನಕ್ಕಾಗಿ ಪರದಾಡಿದರು. ಜಗತ್ತಿನಾದ್ಯಂತ ಇಂಧನ ಕೋಶದ ವಾಹನಗಳು ಇನ್ನೂ ಒಂದು ಲಕ್ಷದ ಆಸುಪಾಸಿನಲ್ಲೇ ಇದ್ದಾಗ, ಬ್ಯಾಟರಿಯನ್ನು ವಿದ್ಯುತ್ತಿನಿಂದ ತುಂಬಿಸಿಕೊಳ್ಳುವ ಕಾರುಗಳು 2024ರ ಒಂದೇ ವರ್ಷದಲ್ಲಿ ಒಂದೂವರೆ ಕೋಟಿಗೂ ಮೀರಿ ಮಾರಾಟವಾದವು.

ಹಾಗಾದರೆ ಜಲಜನಕವೇ ಬೇಡವೆ? ಬೇಕು, ಆದರೆ ಎಲ್ಲಿಗೆ ಎಂಬುದನ್ನು ಆರಿಸಬೇಕು. ಕೃಷಿಕರು ತಿಳಿಯಬೇಕಾದ ಸಂಗತಿಯೆಂದರೆ, ಜಲಜನಕದ ಬಹು ದೊಡ್ಡ ಬಳಕೆದಾರರಲ್ಲಿ ಗೊಬ್ಬರದ ಕಾರ್ಖಾನೆಯೂ ಒಂದು. ಗಾಳಿಯ ಸಾರಜನಕಕ್ಕೆ ಜಲಜನಕವನ್ನು ಕೂಡಿಸಿದರೆ ಅಮೋನಿಯ, ಅದರಿಂದ ಯೂರಿಯ. ಒಂದು ಟನ್ ಅಮೋನಿಯಕ್ಕೆ ಸುಮಾರು 180 ಕಿಲೊ ಜಲಜನಕ ಬೇಕು. ಭಾರತದಲ್ಲಿ ಅದು ಬರುತ್ತಿರುವುದು ನೈಸರ್ಗಿಕ ಅನಿಲದಿಂದ. ಆ ಅನಿಲದ ದೊಡ್ಡ ಪಾಲು ಹೊರದೇಶದಿಂದ. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲಿ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಗೊಬ್ಬರ ತಯಾರಿಸುತ್ತಿದ್ದರು. ಮುಂದೆ ಆ ಕಾರ್ಖಾನೆ ತೈಲಕ್ಕೆ, ಬಳಿಕ ಅನಿಲಕ್ಕೆ ತಿರುಗಿತು. ಗೊಬ್ಬರಕ್ಕೆ ಜಲಜನಕದ ಬದಲಿಗೆ ಬ್ಯಾಟರಿಯನ್ನು ಬಳಸಲು ಬಾರದು, ಕಾರಿಗೆ ಬರುತ್ತದೆ. ಆದ್ದರಿಂದ ಶುದ್ಧ ಜಲಜನಕದ ಮೊದಲ ಕಿಲೊ ಸಲ್ಲಬೇಕಾದದ್ದು ಅನ್ನ ಬೆಳೆಯುವ ಹೊಲಕ್ಕೆ, ಉಕ್ಕಿನ ಕುಲುಮೆಗೆ.

ಮಲೆನಾಡಿಗೆ ಈ ಲೆಕ್ಕಾಚಾರ ಏಕೆ ಮುಖ್ಯ? 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ, ಅದಕ್ಕಾಗಿ 1,25,000 ಮೆಗಾವಾಟಿನಷ್ಟು ಹೊಸ ನವೀಕರಿಸಬಲ್ಲ ವಿದ್ಯುತ್ ಸಾಮರ್ಥ್ಯ ಅದರ ಗುರಿ. ಸೌರಫಲಕಗಳಿಗೆ ನೆಲ ಬೇಕು, ಗಾಳಿಯಂತ್ರಗಳಿಗೆ ಗುಡ್ಡದ ನೆತ್ತಿ ಬೇಕು, ತಂತಿಮಾರ್ಗಕ್ಕೆ ಕಾಡಿನ ನಡುವೆ ದಾರಿ ಬೇಕು. ಬಿಸಿಲು-ಗಾಳಿಗಳ ಏರಿಳಿತವನ್ನು ಸರಿದೂಗಿಸಲು ನೀರನ್ನು ಮೇಲೆತ್ತಿ ಕೂಡಿಡುವ ಯೋಜನೆಗಳು ಬೇಕೆನ್ನುತ್ತಾರೆ. ಶರಾವತಿ ಕಣಿವೆಯ 2,000 ಮೆಗಾವಾಟಿನ ಭೂಗತ ಯೋಜನೆಯ ಪ್ರಸ್ತಾಪಕ್ಕೂ ಇದೇ ಸಮರ್ಥನೆ. ಸಿಂಗಳೀಕಗಳ ನೆಲೆಯಾದ ಆ ಕಣಿವೆ ಒಮ್ಮೆ ಬೆಲೆ ತೆತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು ಬಿಟ್ಟವರ ಭೂಹಕ್ಕಿನ ಪ್ರಶ್ನೆ ಆರು ದಶಕಗಳ ನಂತರವೂ ಪೂರ್ತಿ ಬಗೆಹರಿದಿಲ್ಲ. ಒಂದು ಯೂನಿಟ್ಟಿನಲ್ಲಿ ಆಗುವ ಕೆಲಸಕ್ಕೆ ಮೂರು ಯೂನಿಟ್ ಸುರಿದರೆ, ಉಳಿದೆರಡು ಯೂನಿಟ್ಟಿನ ಬೆಲೆಯನ್ನು ಯಾವುದೋ ಒಂದು ಕಣಿವೆ ತೆರಬೇಕಾಗುತ್ತದೆ.

ಬ್ಯಾಟರಿಯ ಕಾರೂ ನಿರ್ದೋಷಿಯಲ್ಲ. ಲಿಥಿಯಂ, ಕೋಬಾಲ್ಟ್‌ಗಳ ಗಣಿಗಳಿಗೂ ತಮ್ಮದೇ ಆದ ಗಾಯಗಳಿವೆ. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡಿದರೆ ಅದರ ಲಾಭವೂ ಅತ್ಯಲ್ಪ. ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರಗಳನ್ನು ಸರಿಯಾಗಿ ಬಳಸುವ ಕೃಷಿಕ ಮೊದಲು ಯೂರಿಯದ ಅಗತ್ಯವನ್ನೇ ತಗ್ಗಿಸುತ್ತಾನೆ. ಆಮೇಲೆ ಉಳಿದದ್ದನ್ನು ಎಲ್ಲಿಂದ ತರಬೇಕೆಂದು ಯೋಚಿಸುತ್ತಾನೆ. ಸಾರಿಗೆಗೂ ಇದೇ ಕ್ರಮ ಒಪ್ಪುತ್ತದೆ. ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಂದರೆ, ತಾಲ್ಲೂಕು ಕೇಂದ್ರದಲ್ಲೇ ಆಸ್ಪತ್ರೆ, ಕಾಲೇಜುಗಳು ಚೆನ್ನಾಗಿದ್ದರೆ ಎಷ್ಟೋ ಕಾರುಗಳ ಅಗತ್ಯವೇ ಬೀಳದು. ಯಾವ ಇಂಧನವೆಂಬ ಪ್ರಶ್ನೆ ಅದರ ನಂತರದ್ದು.

ಜಲಜನಕದ ಕಾರು ಬರುತ್ತದೆಂದು ಕಾಯುತ್ತ ಕುಳಿತ ಎರಡು ದಶಕಗಳಲ್ಲಿ ತೈಲವಂತೂ ಉರಿಯುತ್ತಲೇ ಇತ್ತು. ಇನ್ನು ಮುಂದೆ ಹೊಗೆಯಿಲ್ಲದ ವಾಹನವೊಂದನ್ನು ಯಾರಾದರೂ ತಂದು ತೋರಿಸಿದಾಗ ಅದರ ಹಿಂಬದಿಯ ಕೊಳವೆಯನ್ನಷ್ಟೇ ನೋಡಿ ಮರುಳಾಗದೆ, ಅದಕ್ಕೆ ಶಕ್ತಿ ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಆ ದಾರಿ ಯಾವ ನದಿಯ ದಡದಲ್ಲಿ, ಯಾವ ಗುಡ್ಡದ ನೆತ್ತಿಯಲ್ಲಿ ಕೊನೆಗೊಳ್ಳುತ್ತದೆಂದು ಕೇಳುವ ಹಕ್ಕು ಆ ದಡದಲ್ಲಿ ಬದುಕುವವರಿಗೆ ಎಲ್ಲರಿಗಿಂತ ಮೊದಲು ಇದೆ.