ವಿಳಾಸ ಹೊತ್ತು ಹುಟ್ಟುವ ಪ್ರೋಟೀನುಗಳು



ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೋದರೆ ಹೊಗೆಸೊಪ್ಪಿನ ಹರಾಜು, ಬೆಲೆ, ಬೇಯಿಸುವ ಸೌದೆ, ಇದರದ್ದೇ ಮಾತು. ಅದೇ ಗಿಡದ ಎಲೆಯೊಳಗೆ 1985ರಲ್ಲಿ ಜೀವವಿಜ್ಞಾನದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂಬುದು ನಮ್ಮ ಸೀಮೆಯಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಇವತ್ತು ಆ ಕಥೆ ಹೇಳುತ್ತೇನೆ.

ಜೀವಕೋಶದೊಳಗೆ ಪೊರೆ ಸುತ್ತಿದ ಕಣದಂಗಗಳಿವೆ. ಎಲೆಯಲ್ಲಿ ಬಿಸಿಲು ಹೀರುವ ಕ್ಲೋರೋಪ್ಲಾಸ್ಟ್, ಗಿಡಕ್ಕೂ ಪ್ರಾಣಿಗೂ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ. ಕ್ಲೋರೋಪ್ಲಾಸ್ಟಿಗೆ ಬೇಕಾದ ಪ್ರೋಟೀನುಗಳು ಎರಡು ಮೂರು ಸಾವಿರ ಬಗೆ. ಅದು ಸ್ವತಃ ತಯಾರಿಸಿಕೊಳ್ಳುವುದು ನೂರರೊಳಗೆ. ನಮ್ಮ ಮೈಯ ಮೈಟೊಕಾಂಡ್ರಿಯ ತಯಾರಿಸಿಕೊಳ್ಳುವುದಂತೂ ಬರೀ 13. ಉಳಿದದ್ದೆಲ್ಲ ಹೊರಗೆ ಹುಟ್ಟಿ, ಪೊರೆ ದಾಟಿ ಒಳಗೆ ಬರಬೇಕು, ಇಲ್ಲವೇ ಪೊರೆಯಲ್ಲೇ ನಾಟಿಕೊಳ್ಳಬೇಕು. ಎಲ್ಲಿಗೆ ಹೋಗಬೇಕೆಂದು ಅವಕ್ಕೆ ಹೇಳುವವರು ಯಾರು?

ಈ ಪ್ರಶ್ನೆಯ ಹಿಂದೆ ಬಿದ್ದವರು ಗುಂಟರ್ ಬ್ಲೋಬೆಲ್. 1936ರಲ್ಲಿ ಸೈಲೀಸಿಯದ ಹಳ್ಳಿಯೊಂದರಲ್ಲಿ ಹುಟ್ಟಿದವರು. 1945ರ ಚಳಿಗಾಲದಲ್ಲಿ ಯುದ್ಧಕ್ಕೆ ಹೆದರಿ ಕುಟುಂಬ ಊರು ಬಿಟ್ಟಿತು. ದಾರಿಯಲ್ಲಿ ಸಿಕ್ಕ ಡ್ರೆಸ್ಡೆನ್ ನಗರದ ಗೋಪುರಗಳನ್ನು ಕಂಡು ಹುಡುಗ ಮರುಳಾದ. ಕೆಲವೇ ದಿನಗಳಲ್ಲಿ, ಫೆಬ್ರವರಿ 13ರ ರಾತ್ರಿ, ಬಾಂಬಿನ ಬೆಂಕಿಗೆ ಆ ಊರಿನ ಆಕಾಶ ಕೆಂಪಾದದ್ದನ್ನು ದೂರದಿಂದ ನೋಡಿದ. ಏಪ್ರಿಲ್‌ನಲ್ಲಿ ಅಕ್ಕ ರೂತ್ ವಿಮಾನದಾಳಿಗೆ ಬಲಿಯಾದಳು.

ಮುಂದೆ ಆತ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ, 1967ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಪಲಾಡೆ ಅವರ ಪ್ರಯೋಗಾಲಯ ಸೇರಿದರು. 1971ರಲ್ಲಿ ಡೇವಿಡ್ ಸಬಟೀನಿ ಜೊತೆಗೂಡಿ ಒಂದು ಊಹೆ ಮುಂದಿಟ್ಟರು: ಕಾಗದದ ಮೇಲೆ ವಿಳಾಸ ಇರುವಂತೆ, ಪ್ರೋಟೀನಿನ ಮೊದಲ ತುದಿಯಲ್ಲೇ ಅದರ ಗುರಿ ಬರೆದಿರುತ್ತದೆ. ಆಗ ಪುರಾವೆ ತೀರಾ ಕಮ್ಮಿ. 1975ರಲ್ಲಿ ಡಾಬರ್‌ಸ್ಟೈನ್ ಜೊತೆ ಅದನ್ನು ಮಾಡಿ ತೋರಿಸಿದರು. ಇಲಿಯ ಗಡ್ಡೆಯಿಂದ ತೆಗೆದ, ಪ್ರೋಟೀನಿನ ವಿವರ ಹೊತ್ತ ಆರ್‌ಎನ್‌ಎ ಸಂದೇಶ, ಅದನ್ನು ಓದಿ ಪ್ರೋಟೀನು ಕಟ್ಟುವ ಮೊಲದ ರೈಬೋಸೋಮು, ನಾಯಿಯ ಮೇದೋಜೀರಕ ಗ್ರಂಥಿಯ ಪೊರೆ, ಮೂರನ್ನೂ ಒಂದೇ ಕೊಳವೆಯಲ್ಲಿ ಕೂಡಿಸಿದರೂ ಪ್ರೋಟೀನು ಪೊರೆಯೊಳಗೆ ಹೋಯಿತು. ಒಳಹೊಕ್ಕ ಮೇಲೆ ಗುರಿ ಬರೆದಿದ್ದ ತುದಿ ಕತ್ತರಿಸಿಹೋಯಿತು. ಪ್ರಾಣಿ ಬೇರೆಯಾದರೂ ಭಾಷೆ ಒಂದೇ! ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1999ರಲ್ಲಿ ನೊಬೆಲ್ ಬಂತು. ಆ ಹಣವನ್ನು ಬ್ಲೋಬೆಲ್ ಡ್ರೆಸ್ಡೆನ್ನಿಗೆ ಕೊಟ್ಟುಬಿಟ್ಟರು. ಉರುಳಿದ್ದ ಫ್ರೌಯೆನ್‌ಕಿರ್ಶೆ ಚರ್ಚು ಮತ್ತೆ ಎದ್ದಿತು. ಯೆಹೂದಿಗಳ ಪ್ರಾರ್ಥನಾಮಂದಿರಕ್ಕೂ ಅದರಲ್ಲಿ ಪಾಲಿತ್ತು. 2018ರಲ್ಲಿ ಅವರು ತೀರಿಕೊಂಡರು.

ಆಮೇಲಿನದನ್ನು ಬೇಗ ಹೇಳುತ್ತೇನೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕ್ಲೋರೋಪ್ಲಾಸ್ಟಿಗೂ ಮೈಟೊಕಾಂಡ್ರಿಯಕ್ಕೂ ಹೋಗುವ ಪ್ರೋಟೀನುಗಳಲ್ಲಿ ಇಂಥ ತುದಿಗಳು ಸಿಕ್ಕವು. 1985ರಲ್ಲಿ ವಿಜ್ಞಾನಿಗಳು ಬಟಾಣಿ ಗಿಡದ ಅಂಥ ಒಂದು ತುದಿಯನ್ನು ಬ್ಯಾಕ್ಟೀರಿಯದ ಪ್ರೋಟೀನಿಗೆ ಅಂಟಿಸಿ ಹೊಗೆಸೊಪ್ಪಿನ ಗಿಡಕ್ಕೆ ಸೇರಿಸಿದರು. ಯಾವ ಸಂಬಂಧವೂ ಇಲ್ಲದ ಆ ಪ್ರೋಟೀನು ನೇರ ಕ್ಲೋರೋಪ್ಲಾಸ್ಟಿಗೆ ಹೋಯಿತು. ಹಾಸನದ ಆಲೂಗಡ್ಡೆಯೊಳಗೆ ಹಿಟ್ಟು ಕಟ್ಟುವ ಕಿಣ್ವಗಳೂ ಹೀಗೆಯೇ ಹೊರಗೆ ಹುಟ್ಟಿ, ಕ್ಲೋರೋಪ್ಲಾಸ್ಟಿನ ದಾಯಾದಿಯಾದ ಕಣದಂಗದೊಳಕ್ಕೆ ಹೋಗುತ್ತವೆ.

ಕೆಲವು ಪ್ರೋಟೀನುಗಳದ್ದು ಬೇರೆಯೇ ಕಷ್ಟ. ಪೊರೆಯಲ್ಲಿ ನಾಟಿಕೊಳ್ಳುವ, ನೀರಿಗೆ ಒಗ್ಗದ ಭಾಗ ಅವುಗಳ ಕೊನೆಯ ತುದಿಯಲ್ಲಿರುತ್ತದೆ. ಪೂರ್ತಿ ತಯಾರಾಗುವವರೆಗೆ ಅದು ಹೊರಗೆ ಕಾಣುವುದೇ ಇಲ್ಲ; ಹೊರಬಂದ ಕೂಡಲೇ ಯಾರಾದರೂ ಹಿಡಿದುಕೊಳ್ಳದಿದ್ದರೆ ಮುದ್ದೆಯಾಗಿ ಕೆಡುತ್ತದೆ. ಹಾಗೆ ಹಿಡಿದು ಪೊರೆಗೆ ಒಯ್ಯುವ ಪ್ರೋಟೀನನ್ನು 2007ರಲ್ಲಿ ವಿಜ್ಞಾನಿ ರಾಮಾನುಜನ್ ಹೆಗ್ಡೆ ಅವರ ತಂಡ ಗುರುತಿಸಿತು.

ಗುರಿ ತಪ್ಪಿದರೆ ಏನಾಗುತ್ತದೆ? ಯಕೃತ್ತಿನ ಒಂದು ಕಿಣ್ವ ಪೆರಾಕ್ಸಿಸೋಮ್ ಎಂಬ ಕಣದಂಗಕ್ಕೆ ಹೋಗಬೇಕಾದದ್ದು ಕೆಲವರಲ್ಲಿ ಮೈಟೊಕಾಂಡ್ರಿಯಕ್ಕೆ ಹೋಗಿಬಿಡುತ್ತದೆ. ಕಿಣ್ವಕ್ಕೆ ಕೆಲಸ ಗೊತ್ತು, ಆದರೆ ಇರುವ ಜಾಗ ತಪ್ಪು. ಅಷ್ಟಕ್ಕೇ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ, ಕೊನೆಗೆ ಮೂತ್ರಪಿಂಡವೇ ಸೋಲುತ್ತದೆ.

ಇಷ್ಟು ರೋಚಕವಾದ ವಿಷಯ ನಮ್ಮ ತರಗತಿಗಳಲ್ಲಿ ಕಣದಂಗಗಳ ಹೆಸರು ಉರುಹೊಡೆಯುವುದರಲ್ಲೇ ಮುಗಿಯುವುದು ನನಗೆ ನಿಜವಾದ ಸಂಕಟ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜೀವಶಾಸ್ತ್ರದ ಉಪನ್ಯಾಸಕರಲ್ಲಿ ನನ್ನ ಕೋರಿಕೆ: ಆ ಪಾಠದ ದಿನ ಬ್ಲೋಬೆಲ್ ಕಥೆಯನ್ನೂ ಹೇಳಿ. ಕೇಳುತ್ತಿರುವ ಮಕ್ಕಳೇ, ಮೈಟೊಕಾಂಡ್ರಿಯದ ಒಳಪೊರೆಯನ್ನು ಪ್ರೋಟೀನುಗಳು ದಾಟುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ ಅಧ್ಯಯನ ಮಾಡಿದೆ. ಬೆಂಗಳೂರು ನಮಗೆ ದೂರವಲ್ಲ. ಈ ವಿಷಯದಲ್ಲಿ ಮಾಡಬೇಕಾದ ಕೆಲಸ ಇನ್ನೂ ಬಹಳ ಇದೆ, ಅದಕ್ಕೆ ನೀವು ಬೇಕು.